ಫಲಾನುಭವಿಗಳು ಬೇಕಾಗಿದ್ದಾರೆ

ಸಮಾಜಸೇವೆಯಲ್ಲಿ ದುಡ್ಡಿಗೆ ಬರ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಸಮಾಜಕ್ಕೇ ಬರ ಬರುತ್ತದೆ ಅಂತ ನನಗೆ ಗೊತ್ತಾದದ್ದು ಈ ಕೆಲಸಕ್ಕೆ ಸೇರಿದ ಮೇಲೆ.

ಬಂಗಾರಪೇಟೆ ಸ್ಟೇಷನ್ ಹತ್ತಿರ ಒಂದು ಸೈಕಲ್ ಶಾಪು, ಅದರ ಮೇಲಿನ ಕೋಣೆ ನಮ್ಮ ಸಂಸ್ಥೆ. ಕಾರ್ಯದರ್ಶಿಗಳು ಒಬ್ಬರು, ಊರೂರು ತಿರುಗುವ ಕಾರ್ಯಕರ್ತೆ ನಾನೊಬ್ಬಳು. ಹಿಂದೆ ಎಂಟು ಜನ ಇದ್ದೆವು. ಯಾರ ಸೇವೆ ಮಾಡುತ್ತಿದ್ದೆವೋ ಅವರ ಹಿಂದೆಯೇ ಆರು ಜನ ಬೆಂಗಳೂರಿನ ರೈಲು ಹತ್ತಿದರು. ಯೋಜನೆ ಬರೆಯುವವರು ಯಾವ ಕಾಲದ್ದೋ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅದನ್ನು ಹಿಡಿದುಕೊಂಡು ನಾನು ಬಸ್ಸಿಳಿಯುವ ಹೊತ್ತಿಗೆ ಆ ಊರು ಅಲ್ಲಿರುವುದಿಲ್ಲ. ಹೀಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ನಗುವುದಕ್ಕೆ ಸಂಬಳದಲ್ಲಿ ಬೇರೆ ಭತ್ಯೆ ಇಲ್ಲ, ಆದರೂ ನಗುತ್ತೇನೆ.

ಯುವಕ ಸಂಘ

ಕಾಮಸಮುದ್ರದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನಲ್ಲಿ ನಮ್ಮ ಸಂಸ್ಥೆಯೇ ಹಿಂದೆ ಕಟ್ಟಿದ ಯುವಕ ಸಂಘವಿದೆ. ದಾನಿಯೊಬ್ಬರು ಇಂಥ ಸಂಘಗಳಿಗೆ ವಾಲಿಬಾಲು, ನೆಟ್ಟು ಕೊಡಲು ಒಪ್ಪಿದರು. ಕೊಡುವ ದಿನ ಸಂಘ ಜೀವಂತವಾಗಿದೆಯೋ ಇಲ್ಲವೋ ನೋಡಲು ತಮ್ಮ ಕಡೆಯ ಅಧಿಕಾರಿಯನ್ನೂ ಕಳಿಸಿದರು. ನಾನು ಅವರನ್ನು ಕರೆದುಕೊಂಡು ಹೋದೆ. ಹಾಲಿನ ಡೈರಿಯ ಮುಂದೆ ಏಳು ಜನ ಸಾಲಾಗಿ ಕೂತಿದ್ದರು.

"ಯುವಕರನ್ನ ಕರೀರಿ, ಮಾತಾಡೋಣ" ಎಂದರು ಅಧಿಕಾರಿ.

"ಕರೆಯೋದೇನು ಸಾರ್, ಇಲ್ಲೇ ಕುಂತಿದ್ದೀವಲ್ಲ" ಎಂದರು ಅಧ್ಯಕ್ಷರು. ಹೋದ ವರ್ಷ ಅವರಿಗೆ ಕಣ್ಣಿನ ಪೊರೆ ತೆಗೆಸಿದ್ದೂ ನಾವೇ.

"ನಿಮ್ಮ ವಯಸ್ಸು?"

"ಅರವತ್ಮೂರು. ಸಂಘ ಕಟ್ಟಿದಾಗ ಇಪ್ಪತ್ತೆಂಟು."

"ಇಷ್ಟು ವರ್ಷದಲ್ಲಿ ಬೇರೆಯವರಿಗೆ ಬಿಟ್ಟುಕೊಡಲಿಲ್ವಾ?"

"ಯಾರಿಗೆ ಬಿಡಾನ ಸಾರ್? ಮೀಸೆ ಮೂಡಿದ ವರ್ಸವೇ ಊರು ಬಿಡ್ತಾನೆ. ಸಂಕ್ರಾಂತಿಗೆ ಬತ್ತಾನೆ, ದನ ಕಿಚ್ಚು ಆಯ್ಸಿ ಓಗ್ತಾನೆ. ಅಂಥೋನ್ನ ಇಡ್ಕೊಂಡು ಸಂಘ ನಡ್ಸಾಕಾಯ್ತದಾ?"

ಅಧಿಕಾರಿ ಒಳ್ಳೆಯವರು. ಒಂದು ಆಟ ಆಡಿ, ಫೋಟೋ ತೆಗೆದು ಮುಗಿಸೋಣ ಎಂದರು. ನೆಟ್ಟು ಕಟ್ಟಿದ್ದಾಯಿತು. ಖಜಾಂಚಿ ಪಂಚೆ ಎತ್ತಿ ಕಟ್ಟಿ ಚೆಂಡಿಗೆ ಒಂದು ಏಟು ಕೊಟ್ಟರು. ಅದು ಹೋಗಿ ಡೈರಿಯ ಶೀಟಿನ ಮೇಲೆ ಕೂತಿತು. ಏಳೂ ಜನ ತಲೆಯೆತ್ತಿ ಅದನ್ನು ನೋಡಿದರು. ಹತ್ತುವವರು ಯಾರೂ ಇಲ್ಲ. ಕೊನೆಗೆ ಅಧಿಕಾರಿಯೇ ಬೂಟು ಬಿಚ್ಚಿ ಹತ್ತಿದರು. ಆ ಊರಿನಲ್ಲಿ ಅವತ್ತು ಮೂವತ್ತೈದರ ಒಳಗಿದ್ದವರು ಅವರೊಬ್ಬರೇ. ವರದಿಗೆ ಹೋದ ಫೋಟೋದಲ್ಲಿರುವ ಯುವಕನೂ ಅವರೇ.

ಎರಡು ತಿಂಗಳ ಮೇಲೆ ಹೋದಾಗ ನೋಡಿದೆ, ನೆಟ್ಟಿನ ತುಂಬ ಹಾಗಲಬಳ್ಳಿ. ಅಧ್ಯಕ್ಷರು ಸಂಕೋಚವೇ ಪಡಲಿಲ್ಲ.

"ನೆಟ್ಟು ಬೋ ಗಟ್ಟಿ ಐತೆ ಕಣಮ್ಮಾ. ಇಂಗೇ ಮಹಿಳಾ ಸಂಘಕ್ಕೂ ಒಂದು ಬರ್ಸು, ಈರೇಕಾಯಿಗೆ ಬೇಕಾಗೈತೆ."

ವಲಸೆ ತಡೆ ಸಭೆ

ಅದಾದ ಮೇಲೆ ಬಂದದ್ದು ಮಹಿಳೆಯರು ಊರು ಬಿಡದ ಹಾಗೆ ಮಾಡುವ ಯೋಜನೆ. ಊರಲ್ಲೇ ಹಪ್ಪಳ, ಊರಲ್ಲೇ ಹೊಲಿಗೆ. ವಾರಕ್ಕೊಂದು ಸಭೆ ಕಡ್ಡಾಯ. ನಾನು ಬೆಳಿಗ್ಗೆ ಹತ್ತಕ್ಕೆ ಹೋದರೆ ಬೀದಿಯಲ್ಲಿ ಕೋಳಿಗಳು ಮಾತ್ರ. ಸಂಜೆ ಹೋದರೆ ಹೆಂಗಸರು ಇನ್ನೂ ಬಂದಿರುವುದಿಲ್ಲ. ಭಾನುವಾರ ಹೋದರೆ ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ತಲೆಯೆತ್ತುವುದಿಲ್ಲ. ಎಲ್ಲರೂ ಬೆಂಗಳೂರಿನ ಗಾರ್ಮೆಂಟ್ಸಿಗೋ ಹೌಸ್‌ಕೀಪಿಂಗಿಗೋ ಹೋಗುವವರು.

ಸಂಘದ ಪ್ರತಿನಿಧಿಯೇ ದಾರಿ ತೋರಿಸಿದಳು. "ಅಕ್ಕಾ, ನಾವು ಎಲ್ಲಾರೂ ಒಂದೇ ಕಡೆ ಕುಂತ್ಕೊಳ್ಳೋದು ಅಂದ್ರೆ ರೈಲ್ನಾಗೆ ಮಾತ್ರ. ನೀನೂ ಅತ್ಕೊಂಡ್ಬಿಡು."

ಬೆಳಗಿನ ರೈಲಿನ ಹೆಂಗಸರ ಡಬ್ಬಿಯಲ್ಲಿ ಸಭೆ ಶುರುವಾಯಿತು. ಟೇಕಲ್ ಬರುವ ಹೊತ್ತಿಗೆ ಪ್ರಾರ್ಥನೆ ಮುಗಿಯಿತು. ಮಾಲೂರಿನಲ್ಲಿ ಇನ್ನಷ್ಟು ಜನ ನುಗ್ಗಿದ್ದರಿಂದ ಕೋರಂ ತುಂಬಿ ಚೆಲ್ಲಿತು. ಒಬ್ಬಳ ಬೆನ್ನ ಮೇಲೆ ಪುಸ್ತಕ ಇಟ್ಟು ನಡಾವಳಿ ಬರೆದೆ. "ಇನ್ನು ಮುಂದೆ ನಾವು ಕೆಲಸ ಹುಡುಕಿಕೊಂಡು ಊರು ಬಿಟ್ಟು ಹೋಗುವುದಿಲ್ಲ" ಎಂಬ ನಿರ್ಣಯವನ್ನು ಎಲ್ಲರೂ ಕೈಯೆತ್ತಿ ಒಪ್ಪಿದರು. ಒಂದು ಕೈ ಎತ್ತಿದರು ಎಂದರೆ ಸರಿ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಇತ್ತು.

ಅಷ್ಟರಲ್ಲಿ ಟಿಕೆಟ್ ಕೇಳುವವರು ಬಂದರು. ಹೆಂಗಸರೆಲ್ಲ ಪಾಸು ತೋರಿಸಿದರು. ನನ್ನ ಟಿಕೆಟ್ ನೋಡಿ, ಪುಸ್ತಕ ನೋಡಿ, "ಏನಮ್ಮಾ ಇದು?" ಎಂದರು.

"ವಲಸೆ ತಡೆಯೋ ಸಭೆ ಸಾರ್."

ಅವರು ಕಾಲಿಡಲು ಜಾಗವಿಲ್ಲದ ಆ ಡಬ್ಬಿಯನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿದರು. "ಬೇಗ ತಡೀರಮ್ಮಾ" ಎಂದರು, "ಇನ್ನೆರಡು ನಿಮಿಷಕ್ಕೆ ವೈಟ್‌ಫೀಲ್ಡು."

ಆರು ವರ್ಷದವರು

ಕೆ.ಜಿ.ಎಫ್‌ನ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಮನೆಗಳ ಲೈನಿನಲ್ಲಿ ನಮ್ಮದೊಂದು ಶಿಶುವಿಹಾರ. ಚಿನ್ನದ ಗಣಿ ಮುಚ್ಚಿದ ಮೇಲೆ ತಾಯಂದಿರು ದುಡಿಯಲು ದೂರ ಹೋಗತೊಡಗಿದಾಗ ಶುರು ಮಾಡಿದ್ದು. ಬೆಂಗಳೂರಿನ ದೊಡ್ಡ ಟ್ರಸ್ಟೊಂದು ಹಾಲು, ಮೊಟ್ಟೆ, ಅನ್ನ ಸಾರಿನ ಖರ್ಚು ಕೊಡುತ್ತದೆ. ಮಕ್ಕಳನ್ನು ಅಜ್ಜ ಅಜ್ಜಿಯರು ಕರೆತರುತ್ತಿದ್ದರು. ಮಕ್ಕಳು ಬಿಟ್ಟ ಹಾಲನ್ನು ಚೆಲ್ಲಬಾರದೆಂದು ಅವರೇ ಕುಡಿಯುತ್ತಿದ್ದರು. ಆಮೇಲೆ ತಾಯಂದಿರು ಮಕ್ಕಳನ್ನೂ ಕರೆದುಕೊಂಡು ಹೋಗಿ ಅಲ್ಲೇ ಬಾಡಿಗೆ ಮನೆ ಮಾಡಿದರು. ಒಂದೊಂದೇ ಮಗು ಕಡಿಮೆಯಾಗುತ್ತ ಬಂತು. ಕರೆತರುವವರು ಮಾತ್ರ ಬರುವುದು ನಿಲ್ಲಿಸಲಿಲ್ಲ. ಎಷ್ಟೋ ಜನಕ್ಕೆ ದಿನದ ಬಿಸಿ ಊಟ ಅದೊಂದೇ ಆಗಿತ್ತು. ಈಗ ಅಲ್ಲಿ ಹತ್ತೊಂಬತ್ತು ಜನ, ಮಕ್ಕಳ ಪುಟಾಣಿ ಕುರ್ಚಿಗಳಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಾರೆ.

ಮುದುಕರಿಗೆ ಅಂತ ಸಹಾಯ ಕೇಳಿ ಕಾರ್ಯದರ್ಶಿಗಳು ಸಿಕ್ಕಸಿಕ್ಕ ಕಡೆಗೆಲ್ಲ ಬರೆದರು. "ನಮ್ಮ ಆದ್ಯತೆ ಭವಿಷ್ಯದ ಪೀಳಿಗೆ" ಅಂತ ಉತ್ತರ ಬಂತು. ಅಷ್ಟರಲ್ಲಿ ಟ್ರಸ್ಟಿನವರು ಮಕ್ಕಳ ವಯಸ್ಸು, ಎತ್ತರ, ಹಲ್ಲಿನ ವಿವರವನ್ನು ತಿಂಗಳು ತಿಂಗಳೂ ಮೊಬೈಲ್ ಆ್ಯಪಿನಲ್ಲಿ ತುಂಬಿಸಿ ಎಂದರು. ವಯಸ್ಸಿನ ಜಾಗದಲ್ಲಿ ಒಂದೇ ಅಂಕಿ ತಗೊಳ್ಳುತ್ತದೆ, ಆರರ ಮೇಲೆ ಹೋದರೆ ಕೆಂಪಾಗುತ್ತದೆ.

ಅಲ್ಲಿ ಬರುವವರಲ್ಲಿ ಒಂದು ಜೋಡಿ ಇತ್ತು. ತಾತ ಗಣಿಯೊಳಗೆ ಇಳಿದು ಕೆಲಸ ಮಾಡಿದವರು, ಎಂಬತ್ತಾರು. ಅವರ ಹೆಂಡತಿ, ನಾವೆಲ್ಲ ತಮಿಳಿನಲ್ಲಿ ಪಾಟಿ ಅಂತ ಕರೆಯುವ ಅಜ್ಜಿ, ಎಪ್ಪತ್ತಾರು. ನಾನು ತಾತನ ಎಂಬತ್ತನ್ನೂ ಪಾಟಿಯ ಎಪ್ಪತ್ತನ್ನೂ ಬಿಟ್ಟು ಬರೀ ಆರು ಎಂದು ಒತ್ತಿದೆ. ಹೀಗೆ ಗಂಡ ಹೆಂಡತಿ ಒಂದೇ ತರಗತಿಯವರಾದರು. ಉಳಿದವರನ್ನೂ ಹಾಗೇ ಮಾಡಿದೆ. ಸುಳ್ಳು ಹೇಳಿದೆ ಅನ್ನಿಸಲಿಲ್ಲ. ಅರ್ಧ ನಿಜ ಇತ್ತಲ್ಲ.

ಮೂರು ತಿಂಗಳಾದ ಮೇಲೆ ಟ್ರಸ್ಟಿನಿಂದ ಫೋನು ಬಂತು. ಎಳೆಯ ಹುಡುಗಿಯ ದನಿ, ಬಹಳ ವಿನಯ. "ಮೇಡಂ, ನಿಮ್ಮ ಸೆಂಟರಲ್ಲಿ ಮಕ್ಕಳ ಎತ್ತರ ಕಮ್ಮಿ ಆಗ್ತಾ ಇದೆಯಲ್ಲ?"

"ಈ ಕಡೆ ನೀರು ಸರಿ ಇಲ್ಲಮ್ಮಾ" ಎಂದೆ.

"ಒಂದು ಮಗುಗೆ ಹಲ್ಲೆಲ್ಲ ಬಿದ್ದಿದೆ ಅಂತ ಬರೆದಿದ್ದೀರಿ. ಡಾಕ್ಟರ್ ಹತ್ರ ಕೇಳಿದೆ. ಆರು ವರ್ಷಕ್ಕೆ ಅದು ಸಹಜವಂತೆ. ಹೊಸದು ಬರುತ್ತೆ, ಭಯ ಬೇಡ ಅಂತ ಮಗುಗೆ ಹೇಳಿ."

ಹೇಳದೇ ಇರಲಾಗಲಿಲ್ಲ. ನನ್ನನ್ನು ಮುದ್ದಿಗೆ 'ಕಣ್ಣು' ಎನ್ನುವ ಪಾಟಿಗೆ ಹೇಳಿದೆ. ಪಾಟಿ ಬೊಚ್ಚು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು.

"ನಿಜಮಾ ಕಣ್ಣು? ಯಾವಾಗ ಬರ್ತದಂತೆ ಕೇಳು. ಅಲ್ಲೀತನಕ ಮೊಟ್ಟೆ ಸಾಕು, ಆಮೇಲೆ ಕೋಳಿನೇ ಕೊಡು."

ಸಿಕ್ಕ ಮಕ್ಕಳು

ನಿಜವಾದ ಮಕ್ಕಳು ಇರಲಿಲ್ಲ ಅಂತಲ್ಲ. ಬೇತಮಂಗಲದ ರಸ್ತೆಯಲ್ಲಿ ಇಟ್ಟಿಗೆ ಗೂಡಿನ ಹತ್ತಿರ ಬಿಹಾರದಿಂದ ಬಂದ ಸಂಸಾರಗಳಿದ್ದವು. ಮಣ್ಣಿನ ರಾಶಿಯ ಮೇಲೆ ಹನ್ನೆರಡು ಮಕ್ಕಳು ಆಡುತ್ತಿದ್ದರು. ನನ್ನ ಕಣ್ಣಿಗೆ ನಿಧಿ ಸಿಕ್ಕಂತಾಯಿತು. ಅವರಲ್ಲೊಂದು ಹುಡುಗಿ ನಮ್ಮೂರ ಮಕ್ಕಳ ಹಾಗೇ, "ಎಲ್ಲಿಗೋಯ್ತೀಯಾ ಅಕ್ಕಾ?" ಎಂದು ಕೇಳಿದಳು. ಈ ಮಕ್ಕಳನ್ನು ಸೇರಿಸಿಕೊಂಡರೆ ಅವರ ನೆಪದಲ್ಲಿ ಮುದುಕರ ಊಟವೂ ನಿಜದ ಲೆಕ್ಕಕ್ಕೆ ಬರುತ್ತದೆ, ನನ್ನ ಅರ್ಧ ಸುಳ್ಳೂ ತೊಳೆದುಹೋಗುತ್ತದೆ ಎಂದುಕೊಂಡೆ.

ಟ್ರಸ್ಟಿಗೆ ಫೋನು ಮಾಡಿದೆ. ಅದೇ ಹುಡುಗಿ. "ನಮ್ಮ ರಾಜ್ಯದ ರೇಷನ್ ಕಾರ್ಡ್ ಇದೆಯಾ ಮೇಡಂ?"

"ಇಲ್ಲಮ್ಮಾ, ಅವರ ಊರಿನದು ಅಲ್ಲೇ ಇದೆ."

"ಹಾಗಿದ್ರೆ ಅವರ ರಾಜ್ಯದ ಸಂಸ್ಥೆಯವರು ನೋಡ್ಕೋಬೇಕು. ನಮ್ಮಲ್ಲಿ ಸೇರಿಸೋಕಾಗಲ್ಲ."

ಕಾರ್ಯದರ್ಶಿಗಳು ಹಟವಾದಿ. ಹೇಗೋ ಆ ಕಡೆಯ ಸಂಸ್ಥೆಯೊಂದರ ನಂಬರು ಹುಡುಕಿ, ತಮ್ಮ ಹರುಕು ಹಿಂದಿಯಲ್ಲಿ ಅರ್ಧ ಗಂಟೆ ಕೂಗಾಡಿದರು. ಫೋನಿಟ್ಟು ಬೆವರು ಒರೆಸಿಕೊಂಡರು.

"ಏನಂತೆ ಸಾರ್?"

"ಆ ಮಕ್ಕಳ ಹೆಸರು ಅಲ್ಲಿದೆಯಂತೆ, ಮಕ್ಕಳಿಲ್ಲವಂತೆ. ಇಲ್ಲಿ ಮಕ್ಕಳಿದ್ದಾರೆ, ಹೆಸರಿಲ್ಲ. ನಮ್ಮ ಸೆಂಟರೇ ವಾಸಿ ಕಣಮ್ಮಾ. ಜನಾನೂ ಇದ್ದಾರೆ, ಹೆಸರೂ ಇದೆ. ವಯಸ್ಸೊಂದು ಸ್ವಲ್ಪ ಜಾಸ್ತಿ."

ಆದರೂ ನಾನು ಆ ಮಕ್ಕಳನ್ನು ಕರೆತಂದೆ. ಪುಟಾಣಿ ಕುರ್ಚಿಗಳಿಂದ ಮುದುಕರು ತಾವಾಗಿಯೇ ಎದ್ದು ನೆಲದ ಮೇಲೆ ಕೂತರು. ಹತ್ತೊಂಬತ್ತು ಲೋಟದ ಹಾಲಿಗೆ ನೀರು ಸೇರಿಸಿ ಮೂವತ್ತೊಂದು ಮಾಡಿದೆವು.

ತೇರ್ಗಡೆ

ಒಂದು ಭಾನುವಾರ ಬೆಳಿಗ್ಗೆ ತಾತ ಹೋಗಿಬಿಟ್ಟರು. ಮಗ ಒಬ್ಬನೇ, ಗುಜರಾತಿನ ಕಡೆ ಎಲ್ಲೋ ಕೆಲಸ. ಬರುವುದಕ್ಕೆ ಎರಡು ದಿನ ಬೇಕು. ಫೋನಿನಲ್ಲೇ ಅತ್ತು, "ನೀವೇ ಮಾಡಿಬಿಡಿ" ಎಂದ. ಚಟ್ಟ ಸಿದ್ಧವಾಯಿತು. ಹೆಗಲು ಕೊಡಲು ನಿಂತವರನ್ನು ನೋಡಿದರೆ ಅವರಿಗೇ ಯಾರಾದರೂ ಹೆಗಲು ಕೊಡಬೇಕಾಗಿತ್ತು. ಇಟ್ಟಿಗೆ ಗೂಡಿಗೆ ಹೇಳಿಕಳಿಸಿದೆ. ನಾಲ್ಕು ಜನ ಮಕ್ಕಳ ತಂದೆಯರು ತಲೆಗೆ ಟವಲು ಸುತ್ತಿಕೊಂಡು ಬಂದರು, ಒಂದು ಮಾತಾಡದೆ ಎತ್ತಿಕೊಂಡರು.

ನಮ್ಮ ಕೆ.ಜಿ.ಎಫ್‌ನಲ್ಲಿ ತಮಟೆ ಹೊಡೆದು, ಸೀಟಿ ಹಾಕಿ, ಕುಣಿದು ಕಳಿಸುವುದು ಪದ್ಧತಿ. ಅವರು ಅವರ ಕಡೆಯ ಹಾಗೆ "ರಾಮ್ ನಾಮ್ ಸತ್ಯ ಹೈ" ಎನ್ನುತ್ತ ಗಂಭೀರವಾಗಿ ಹೊರಟರು. ಹಿಂದೆ ಕೋಲೂರಿಕೊಂಡು ನಡೆಯುತ್ತಿದ್ದ ಗೆಳೆಯರಲ್ಲೊಬ್ಬರು ನನ್ನ ಕಿವಿಯಲ್ಲಿ, "ಪಾವಂ, ಪಾಪ ಅವನು ಎದ್ದು ನೋಡಿದ್ರೆ ಯಾವೂರಲ್ಲಿ ಸತ್ತೆ ಅಂತ ಗಾಬರಿ ಆಗ್ತಾನೆ" ಎಂದರು. ನಗು ಬಂತು. ಅಳುವೂ ಅದರ ಜೊತೆಗೇ ಬಂತು. ಸೆರಗಿನಲ್ಲಿ ಎರಡನ್ನೂ ಒರೆಸಿಕೊಂಡೆ.

ಮಾರನೆಯ ದಿನ ಆ್ಯಪಿನಿಂದ ತಾತನ ಹೆಸರು ತೆಗೆಯಬೇಕಾಯಿತು. ಕಾರಣ ಕೇಳಿತು. ಎರಡೇ ಕಾರಣ: "ಕುಟುಂಬ ವಲಸೆ ಹೋಗಿದೆ", "ಒಂದನೇ ತರಗತಿಗೆ ಸೇರಿದೆ". ಸಾಯುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಕುಟುಂಬ ವಲಸೆ ಹೋಗಿದ್ದು ನಿಜ, ಆದರೆ ತಾತ ಹೋಗಿರಲಿಲ್ಲ. ಎರಡನೆಯದನ್ನು ಒತ್ತಿದೆ.

ಹತ್ತು ದಿನಕ್ಕೆ ಅಂಚೆಯಲ್ಲಿ ದಪ್ಪ ಕಾಗದದ ಸರ್ಟಿಫಿಕೇಟು ಬಂತು. ಸುತ್ತ ಬಲೂನು, ಚಿಟ್ಟೆ. ನಡುವೆ "ಚಿರಂಜೀವಿ" ಎಂದು ಬರೆದು ತಾತನ ಹೆಸರು. ಅದನ್ನು ಹಿಡಿದುಕೊಂಡೇ ಶಿಶುವಿಹಾರದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಾಟಿ ಬಂದು, ಯಾರ ಹೆಸರಿಗೆ ಬಂದದ್ದೆಂದು ಕೇಳಿ ತಿಳಿದು, ನನ್ನ ಕೈಯಿಂದ ಕಿತ್ತುಕೊಂಡು ಹೋದಳು.

ಸಾಕೆನಿಸಿತು. ಟ್ರಸ್ಟಿಗೆ ಫೋನು ಮಾಡಿ ಇದ್ದದ್ದೆಲ್ಲ ಹೇಳಿದೆ. ವಯಸ್ಸು, ಹಲ್ಲು, ಎತ್ತರ, ಸಾವು. ಆ ಹುಡುಗಿಯ ಕಡೆಯಿಂದ ಮೂಗೆಳೆದ ಸದ್ದು ಕೇಳಿತು. ಅಳುತ್ತಿದ್ದಾಳೆ ಅಂದುಕೊಂಡೆ. ಅತ್ತಳೋ ಏನೋ, ಕೊನೆಗೆ, "ಮೇಲಿನವರಿಗೆ ತಿಳಿಸಬೇಕು ಮೇಡಂ. ಆ ಸರ್ಟಿಫಿಕೇಟ್ ವಾಪಸ್ ಕಳಿಸಿಬಿಡಿ. ಅರ್ಹರಲ್ಲದವರ ಹತ್ತಿರ ಇರಬಾರದು" ಎಂದಳು.

ಮುಂದಿನ ತಿಂಗಳಿನಿಂದ ಹಾಲು ಬರಲಿಲ್ಲ. ನಿಜ ಹೇಳಿ ಮೂವತ್ತು ಜನರ ಲೋಟ ಕಿತ್ತುಕೊಂಡವಳು ನಾನು. ಆ ಸಂಕಟ ಇವತ್ತಿಗೂ ಇದೆ. ಕಾರ್ಯದರ್ಶಿಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಈಗ ಅವರ ಮನೆಯಾಕೆ ದಿನಾ ಒಂದು ಪಾತ್ರೆ ಗಂಜಿ ಮಾಡಿಕೊಡುತ್ತಾರೆ, ನಾನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತೇನೆ.

ಸರ್ಟಿಫಿಕೇಟು ಕೇಳಲು ಪಾಟಿಯ ಮನೆಗೆ ಹೋದೆ. ಕಟ್ಟು ಹಾಕಿಸಿ, ತಾತನ ಫೋಟೋ ಪಕ್ಕದಲ್ಲೇ ಮೊಳೆ ಹೊಡೆದು ತೂಗುಹಾಕಿದ್ದಳು. ಬಲೂನುಗಳ ಮೇಲೆ ಕುಂಕುಮ. ಅದನ್ನು ವಾಪಸ್ ಕಳಿಸಲು ತಂದಿದ್ದ ಕವರನ್ನು ಮಡಚಿ ಚೀಲಕ್ಕೆ ಹಾಕಿದೆ.

"ಬಂದಿದ್ದು ಒಳ್ಳೇದಾಯ್ತು ಕಣ್ಣು. ನನ್ಗೆ ಓದಾಕೆ ಬರಲ್ಲ. ಏನಂತ ಬರ್ದವ್ರೆ, ಓದು."

ಓದಿದೆ. "ಒಂದನೇ ತರಗತಿಗೆ ತೇರ್ಗಡೆ ಆಗಿದ್ದಾರೆ. ಮುಂದೆ ಉಜ್ವಲ ಭವಿಷ್ಯ ಸಿಗಲಿ ಅಂತ ಹಾರೈಸಿದ್ದಾರೆ."

ಪಾಟಿ ಸೆರಗಿನಿಂದ ಗಂಡನ ಫೋಟೋದ ಧೂಳು ಒರೆಸಿದಳು.

"ಇರೋಗಂಟ ಸ್ಕೂಲ್ ಬಾಗ್ಲು ನೋಡ್ಲಿಲ್ಲ ಮನುಷ್ಯ. ಸತ್ತು ಪಾಸಾದ" ಎಂದಳು. "ನಾನೇ ನೋಡು, ಇನ್ನೂ ಫೇಲಾಗಿ ಇಲ್ಲೇ ಕುಂತಿದೀನಿ."