ಪೂರಿಗಾಲಿ ದಾರಿ, ಕಿರುಗಾವಲು ದಾರಿ

ನಾನೀಗ ಇರುವ ನಾಗಪುರದಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಕಂಡ ಹೆಂಗಸರೆಲ್ಲ ಆಂಟಿ, ಕಂಡ ಗಂಡಸರೆಲ್ಲ ಅಂಕಲ್. ಎರಡೇ ಮಾತಿಗೆ ಊರು ಮುಗಿಯಿತು. ನಮ್ಮ ಮಳವಳ್ಳಿ ಕಡೆ ಹಾಗಲ್ಲ. ಬಾಗಿಲಿಗೆ ಬಂದವರು ಚೊಂಬಿನ ನೀರು ಕುಡಿಯುವ ಮೊದಲೇ ಅವರು ನಮಗೆ ಏನಾಗಬೇಕು ಎಂಬುದು ತೀರ್ಮಾನವಾಗಬೇಕು. ಹೆಣ್ಣು ಕೊಟ್ಟು ಹೆಣ್ಣು ತಂದು, ಒಬ್ಬರೇ ಮನುಷ್ಯರು ಒಂದು ಕಡೆಯಿಂದ ಅತ್ತೆ, ಇನ್ನೊಂದು ಕಡೆಯಿಂದ ಅಕ್ಕ. ಇಂಥ ಊರಲ್ಲಿ ನಗುವಂಥದ್ದು ನಡೆಯದಿದ್ದರೇ ಆಶ್ಚರ್ಯ. ನಾನು ನಮ್ಮಜ್ಜಿಯ ಕತೆ ಬರೆದುಕೊಳ್ಳಲು ಕೂತ ಕಾಲದಲ್ಲಂತೂ ಅದು ದಿನಾ ನಡೆಯುತ್ತಿತ್ತು.

ಅಜ್ಜಿ ಎಂದರೆ ನಮ್ಮಪ್ಪನ ತಾಯಿ. ಓದು ಬರಹ ಇಲ್ಲ. ಆದರೆ ಯಾರು ಯಾರಿಗೆ ಏನಾಗಬೇಕು, ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ 'ವರಸೆ', ಅದೆಲ್ಲ ಅವಳ ನಾಲಗೆಯ ಮೇಲೆ. ಹುಡುಗ ಅತ್ತೆ ಮಗನೋ ಮಾವನ ಮಗನೋ ಆದರೆ ವರಸೆ ಕೂಡಿತು, ಮದುವೆ ಮಾಡಬಹುದು. ಅಣ್ಣನ ವರಸೆ ಬಂದರೆ ಮುಗಿಯಿತು. "ನಾನು ಸತ್ ಮ್ಯಾಲೆ ನೀವು ಅಣ್ಣ ತಂಗೀರ್ಗೆಲ್ಲ ತಾಳಿ ಕಟ್ಸೀರಿ. ಬರ್ಕೊ ಅಮ್ಮಿ" ಎಂದು ಹಟ ಹಿಡಿದಳು. ಅಮ್ಮಿ ಎಂದರೆ ನಾನೇ, ಮನೆಯಲ್ಲಿ ಅಕ್ಷರ ಕಲಿತ ಮೊದಲ ಹೆಣ್ಣು. ತಪ್ಪಿಸಿಕೊಳ್ಳುವುದು ಎಲ್ಲಿಗೆ?

ಕಾಗದ ಸಿಕ್ಕಿದ್ದು

ಯುದ್ಧದ ಕಾಲ. ಸೀಮೆಎಣ್ಣೆಗೂ ಬರ, ಕಾಗದಕ್ಕೂ ಬರ. ಯಾವುದರ ಮೇಲೆ ಬರೆಯಲಿ ಎಂದು ನಾನು ಯೋಚಿಸುತ್ತಿದ್ದಾಗ ಮದ್ದೂರಿನಿಂದ ಒಬ್ಬ ಯಜಮಾನರು ಮಗನ ಲಗ್ನಪತ್ರಿಕೆಯ ದೊಡ್ಡ ಕಟ್ಟು ಹೊತ್ತುಕೊಂಡು ಬಂದರು. ಅಜ್ಜಿಗೆ ಮೊದಲ ಪತ್ರಿಕೆ ಕೊಡಬೇಕೆಂಬ ಗೌರವ.

ಅಜ್ಜಿ ಪತ್ರಿಕೆ ಮುಟ್ಟಲಿಲ್ಲ. "ಎಣ್ಣು ಯಾರ ಮಗಳು? ಅವಳವ್ವ ಯಾವೂರೋಳು? ಅವಳವ್ವನ ಅವ್ವ?" ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಕೊನೆಯ ಮೆಟ್ಟಿಲಲ್ಲಿ ನಿಂತು, "ಕೂಡಕ್ಕಿಲ್ಲ ಕಣಪ್ಪ. ತಂಗಿ ಆಯ್ತಳೆ" ಎಂದಳು.

"ಅವ್ವ, ಅಪ್ಪನ ಕಡೆಯಿಂದ ನೋಡುದ್ರೆ ಕೂಡ್ತದಲ್ಲ!"

"ಆಲು ಕುಡಿದಿದ್ದು ಯಾರತ್ರ? ಅಪ್ಪನತ್ರವಾ? ತಾಯಿ ಕಡೆ ದಾರಿ ಮೊದ್ಲು."

ಯಜಮಾನರು ಕಟ್ಟನ್ನು ಜಗುಲಿಯ ಮೇಲೇ ಬಿಟ್ಟು ಹೊರಟುಹೋದರು. ಪತ್ರಿಕೆಯ ಬೆನ್ನು ಖಾಲಿ ಇತ್ತು. ಹೀಗಾಗಿ ಅಜ್ಜಿಯ ಬದುಕಿನ ಕತೆಯಲ್ಲಿ ಯಾವ ಹಾಳೆ ತಿರುಗಿಸಿದರೂ ಮದ್ದೂರಿನ ಆ ಬಡಪಾಯಿಯ ಮದುವೆ ಇನ್ನೊಂದು ಸಲ ನಿಂತುಹೋಗುತ್ತಿತ್ತು.

ಅಜ್ಜಿ ಹುಟ್ಟಿದ್ದು

"ನೀನು ಹುಟ್ಟಿದ್ದರಿಂದ ಶುರು ಮಾಡಜ್ಜಿ" ಎಂದೆ.

ಅಜ್ಜಿ ಶುರು ಮಾಡಿದಳು. ಹೆರಿಗೆ ಮಾಡಿಸಿದ ಮುದುಕಿ ಯಾರು, ಅವಳನ್ನು ಕರೆಯಲು ಹೋದವನು ಯಾರ ಮೈದುನ, ಆ ಮೈದುನನಿಗೆ ಎರಡನೇ ಮದುವೆ ಯಾಕಾಯಿತು, ಆ ಮದುವೆಯಲ್ಲಿ ಪಾಯಸಕ್ಕೆ ಬೆಲ್ಲ ಕಡಿಮೆ ಹಾಕಿದವರು ಯಾರು. ವಾರ ಕಳೆಯಿತು, ನನ್ನ ಪೆನ್ಸಿಲು ಮೊಂಡಾಯಿತು. ಅಜ್ಜಿ ಇನ್ನೂ ಹುಟ್ಟಿರಲಿಲ್ಲ.

"ಅಜ್ಜಿ, ನೀನು ಹುಟ್ಟೋದು ಯಾವಾಗ?"

"ತಡಿಯಮ್ಮಿ, ಏನ್ ಅವಸರ? ಬಾಣಂತನಕ್ಕೆ ಬಂದೋರ್ಗೆಲ್ಲ ಮೊದ್ಲು ಊಟ ಆಗ್ಲಿ."

ಇಷ್ಟು ವಿವರವಾಗಿ ಹೇಳುವವಳು ಒಂದು ಕಡೆ ಮಾತ್ರ ಒಂದೇ ಮಾತಿಗೆ ದಾಟಿಬಿಟ್ಟಳು. "ಮದುವೆಗೆ ಮುಂಚೆ ತಾತ ನಿನಗೆ ಏನಾಗಬೇಕಿತ್ತು?" ಎಂದು ಕೇಳಿದೆ.

"ಗಂಡ ಆಗ್ಬೇಕಿತ್ತು, ಆದ. ಮುಂದಕ್ಕೆ ಬರಿ."

ತಮ್ಮಂದಿರು

ಪಾತ್ರೆಗೆ ಕಲಾಯಿ ಹಾಕಲು ಮಳವಳ್ಳಿಯಿಂದ ಒಬ್ಬರು ಸಾಬರು ಬರುತ್ತಿದ್ದರು. ನಮ್ಮ ಹಿತ್ತಲಲ್ಲಿ ತಿದಿ ಊದುತ್ತಾ, "ಏನಕ್ಕ ಬರ್ಸ್ತಾ ಇದ್ದೀಯ?" ಎಂದರು.

"ನೆಂಟರನ್ನ."

"ನಾನು ಬಂದಿದ್ದೀನಾ ಅದ್ರಾಗೆ?" ತಮಾಷೆಗೆ ಕೇಳಿದ್ದು.

ವರಸೆಯ ವಿಷಯದಲ್ಲಿ ಅಜ್ಜಿಗೆ ತಮಾಷೆ ಇಲ್ಲ. "ಇಷ್ಟು ವರ್ಸದಿಂದ ಅಕ್ಕ ಅಂತ ಕರ್ದಿದ್ದೀಯ. ಅಂದ್ಮೇಲೆ ಬಿಟ್ಟಾರಾ? ಬರ್ಕೊ ಅಮ್ಮಿ. ಮಳವಳ್ಳಿ ಸಾಬ್ರು, ತಮ್ಮ." ಆ ದಿನ ನಮ್ಮ ಹಂಡೆಯೊಳಗೆ ಮುಖ ಕಾಣುವ ಹಾಗೆ ಕಲಾಯಿ ಕೂತಿತು.

ಮುಂದಿನ ಗೌರಿ ಹಬ್ಬದ ಬೆಳಿಗ್ಗೆ ಅವರು ರವಿಕೆ ಕಣ, ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ಬಾಗಿಲಲ್ಲಿ ನಿಂತಿದ್ದರು. ತವರಿನಿಂದ ಬರಬೇಕಾದದ್ದು. ಅಜ್ಜಿಯ ಒಡಹುಟ್ಟಿದ ತಮ್ಮ ಅದನ್ನು ತರುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಜ್ಜಿ ಕಣ್ಣೊರೆಸಿಕೊಂಡು ಆ ರವಿಕೆ ಕಣವನ್ನು ಒಗೆಯದೆಯೇ ಬೀದಿಗೆ ಕಾಣುವಂತೆ ಒಣಹಾಕಿದಳು. ಕೇಳಿದವರಿಗೆಲ್ಲ, "ತಮ್ಮ ತಂದ" ಎಂದಳು. ಸುದ್ದಿ ಹರಡಿತು. ಮಾರನೇ ದಿನವೇ ಒಡಹುಟ್ಟಿದ ತಮ್ಮ ಸೀರೆ ಹಿಡಿದು, ಬೆವರು ಸುರಿಸುತ್ತಾ ಬಂದ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಾರಪ್ಪ. ಯಾರ ಕಡೆಯೋನು ನೀನು? ವರಸೆ ಯೋಳು."

ಕರೆಂಟು ಹುಟ್ಟುವ ಊರಿನವರು

ಇಷ್ಟು ದಿನ ನಗು ಬೇರೆಯವರ ಮನೆಯದಾಗಿತ್ತು. ಆಮೇಲೆ ನನಗೇ ಗಂಡು ಬಂತು.

ಹುಡುಗ ಶಿವನಸಮುದ್ರದಲ್ಲಿ ಕರೆಂಟು ಮಾಡುವ ಕಡೆ ಕೆಲಸದಲ್ಲಿದ್ದ. ತಾಯಿಯ ಜೊತೆ ಬಂದು ಜಗುಲಿಯ ಮೇಲೆ ಕೂತಿದ್ದ. ನಾನು ಬಾಗಿಲ ಹಿಂದೆ.

"ಅಲ್ಲ ಕಣಪ್ಪ, ಕರೆಂಟು ನಿಮ್ಮೂರಾಗೇ ಉಟ್ತದಂತೆ. ಇಷ್ಟು ಅತ್ರ ಇದ್ದೂ ನಮ್ಮನೇಲಿ ಬುಡ್ಡಿ ದೀಪವೇ ಯಾಕೆ?" ಎಂದು ಅಜ್ಜಿ ಕೇಳಿದಳು.

"ಉಟ್ಟೋದು ಮಾತ್ರ ಇಲ್ಲಿ ಅಜ್ಜಿ. ಬೆಳಗಕ್ಕೆ ದೂರ ಓಯ್ತದೆ. ಎಣ್ಮಕ್ಕಳಂಗೆ."

ಬಾಗಿಲ ಹಿಂದೆ ನನಗೆ ನಗು ತಡೆಯಲಾಗಲಿಲ್ಲ. ಹುಡುಗ ಬಾಗಿಲ ಕಡೆ ತಿರುಗಿದ. ಅಷ್ಟೇ. ನನ್ನ ಮನಸ್ಸು ಅಲ್ಲಿಗೇ ಒಪ್ಪಿಬಿಟ್ಟಿತ್ತು.

ಅಜ್ಜಿಯೂ ನಕ್ಕಳು. ನಕ್ಕು ಮುಗಿಸಿ ಹುಡುಗನ ತಾಯಿಯನ್ನು ಕೇಳಿದಳು, "ನಿನ್ ತವರು ಯಾವುದವ್ವ?"

"ಪೂರಿಗಾಲಿ."

ನಮ್ಮಮ್ಮನ ತವರೂ ಅದೇ. ಅಜ್ಜಿ ಕಣ್ಣು ಮುಚ್ಚಿ ಮೆಟ್ಟಿಲು ಇಳಿಯತೊಡಗಿದಳು. ನಾನು ಬಾಗಿಲ ಸಂದಿಗೆ ಕಿವಿ ಇಟ್ಟೆ. "ನಿಮ್ಮವ್ವ, ನಮ್ಮ ಸೊಸೆಯ ಅವ್ವ, ಅಕ್ಕತಂಗೀರ ಮಕ್ಕಳು. ಅಂದ್ರೆ ನೀನೂ ನಮ್ಮ ಸೊಸೆಯೂ ಅಕ್ಕತಂಗೀರು. ಉಡುಗ ನಮ್ಮ ಅಮ್ಮಿಗೆ ಅಣ್ಣ ಆಯ್ತನೆ."

"ಅತ್ತೆ, ಅದು ಬಲು ದೂರದ್ದು" ಎಂದರು ಅಮ್ಮ ಮೆಲ್ಲಗೆ.

"ದೂರ ಇದ್ರೆ ಅಣ್ಣ ಅಲ್ವಾ? ತಾಯಿ ಕಡೆ ದಾರಿ ಮೊದ್ಲು."

ಅವರು ಎದ್ದು ಹೋದರು. ಸಂಜೆ ಅಜ್ಜಿ ನನ್ನನ್ನು ಕೂರಿಸಿಕೊಂಡು, "ಬರ್ಕೊ. ಶಿವನಸಮುದ್ರದ ಉಡುಗ, ಅಣ್ಣ" ಎಂದಳು. ಬರೆದೆ. ಅಕ್ಷರದ ಮೇಲೆ ಕಣ್ಣೀರು ಬಿತ್ತು.

"ಯಾಕಮ್ಮಿ ಅಳ್ತೀಯ?"

"ಅಣ್ಣ ಸಿಕ್ಕಿದ ಸಂತೋಷಕ್ಕೆ" ಎಂದೆ.

ಚಿಕ್ಕಜ್ಜಿ ಬಂದದ್ದು

ಅಜ್ಜಿಯ ತಂಗಿಯನ್ನು ಕಿರುಗಾವಲಿಗೆ ಕೊಟ್ಟಿತ್ತು. ನಾವು ಅವಳನ್ನು ಚಿಕ್ಕಜ್ಜಿ ಎನ್ನುತ್ತಿದ್ದೆವು. ಅಕ್ಕ ಕತೆ ಬರೆಸುತ್ತಿದ್ದಾಳೆ ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿ ಬಂದಳು. "ನನ್ ಮ್ಯಾಲೆ ಏನೇನ್ ಚಾಡಿ ಬರ್ಸಿದ್ದೀಯೋ, ಓದ್ಸು ಮೊದ್ಲು."

ಓದಿದೆ. ತಾನು ಬಾಲ್ಯದಲ್ಲಿ ಕದ್ದು ತಿಂದ ಬೆಲ್ಲವನ್ನೆಲ್ಲ ಚಿಕ್ಕಜ್ಜಿ ಅಲ್ಲಲ್ಲೇ ಅಲ್ಲಗಳೆದಳು. ಶಿವನಸಮುದ್ರದ ಸಾಲಿಗೆ ಬಂದಾಗ ನನ್ನ ದನಿ ನಿಂತುಹೋಯಿತು. ಅವಳು ನನ್ನ ಮುಖ ನೋಡಿದಳು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಹಾಗೇ ನಿಂತಿತು.

"ಅಕ್ಕ, ಈ ಉಡುಗನ ಚಿಕ್ಕಪ್ಪ ಯಾರು ಗೊತ್ತಾ? ನನ್ ಅಳಿಯ. ನನ್ ಮಗಳು ಇವಳಿಗೆ ಅತ್ತೆ. ಅತ್ತೆ ಗಂಡನ ಅಣ್ಣನ ಮಗ ಅತ್ತೆ ಮಗನೇ ಅಲ್ವಾ? ವರಸೆ ಕೂಡ್ತಲ್ಲ!"

"ಅದು ಕಿರುಗಾವಲು ದಾರಿ. ಅಪ್ಪನ ಕಡೇದು. ಪೂರಿಗಾಲಿ ದಾರಿ ತಾಯಿ ಕಡೇದು. ತಾಯಿ ಕಡೆ ದಾರಿ..."

"ಮೊದ್ಲು. ಗೊತ್ತು ಬುಡು." ಚಿಕ್ಕಜ್ಜಿ ನನ್ನ ಕಡೆ ತಿರುಗಿದಳು. "ಅಮ್ಮಿ, ಮದ್ವೆಗೆ ಮುಂಚೆ ನಿಮ್ ತಾತ ಇವಳಿಗೆ ಏನಾಗ್ಬೇಕಿತ್ತು ಅಂತ ಬರ್ಸವ್ಳೆ?"

"ಗಂಡ ಆಗಬೇಕಿತ್ತು, ಆದ ಅಂತ."

ಚಿಕ್ಕಜ್ಜಿ ಕಂಬ ಹಿಡಿದುಕೊಂಡು ನಕ್ಕಳು. "ಅಯ್ಯೋ ನನ್ನಕ್ಕ! ಭಾವನ ಅವ್ವನೂ ನಮ್ಮವ್ವನೂ ಅಕ್ಕತಂಗೀರ ಮಕ್ಕಳಲ್ವಾ? ತಾಯಿ ಕಡೆ ದಾರೀಲಿ ಬಂದ್ರೆ ಭಾವ ನಿಂಗೆ ಅಣ್ಣ ಕಣೆ! ನೀನು ಎತ್ತ ಮಗನೇ ನಿಂಗೆ ಅಳಿಯ!"

ಆಗ ತಾನೇ ಗದ್ದೆಯಿಂದ ಬಂದ ಅಪ್ಪ ನೇಗಿಲು ಇಳಿಸುತ್ತಾ, "ಅವ್ವ, ಈವತ್ತು ಊಟಕ್ಕೆ ನಾನು ಮಗನಾಗಿ ಕೂರ್ಲಾ, ಅಳಿಯನಾಗಿ ಕೂರ್ಲಾ? ಅಳಿಯನಾದ್ರೆ ತುಪ್ಪ ಬೇಕು" ಎಂದರು.

ಅಜ್ಜಿಯ ಬಾಯಲ್ಲಿದ್ದ ಎಲೆಅಡಿಕೆ ಅಲ್ಲಾಡಲಿಲ್ಲ. ಗೂಟದಲ್ಲಿ ನೇತಾಡುತ್ತಿದ್ದ ತಾತನ ರುಮಾಲನ್ನೇ ನೋಡುತ್ತಿದ್ದಳು. ತಾತ ಹೋದ ಮೇಲೂ ಅದನ್ನು ಅಲ್ಲಿಂದ ತೆಗೆಯಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

"ನಮ್ಮಪ್ಪ ಅಪ್ಪನ ಕಡೆ ದಾರೀಲಿ ಕೊಟ್ಟ" ಎಂದಳು ಕೊನೆಗೆ, ದನಿ ತಗ್ಗಿಸಿ. "ಆ ದಾರೀಲಿ ಅವ್ರು ಅತ್ತೆ ಮಗ. ಚೆಂದಾಗೇ ಬಾಳುದ್ವಿ."

"ಅಂಗಾದ್ರೆ ಇವಳ್ಗೂ ಒಂದು ದಾರಿ ಬುಡಕ್ಕ."

ಅಜ್ಜಿ ನನ್ನನ್ನು ನೋಡಿದಳು. ಆ ಸಂಜೆ ನಾನು ಯಾವ ಸಂತೋಷಕ್ಕೆ ಅತ್ತಿದ್ದೆ ಎಂಬುದು ಅವಳಿಗೆ ಆಗ ತಿಳಿಯಿತೆಂದು ಕಾಣುತ್ತದೆ. "ಪೆನ್ಸಿಲ್ ತಗೊ. ಪೂರಿಗಾಲಿ ದಾರಿಗೆ ಮುಳ್ಳು ಆಕಿ ಮುಚ್ಚಾಯ್ತು. ಈವತ್ತಿಂದ ಕಿರುಗಾವಲು ದಾರಿ" ಎಂದಳು. ಬೀದಿಯ ಕಡೆ ಒಮ್ಮೆ ನೋಡಿ ಪಿಸುಗುಟ್ಟಿದಳು, "ಮದ್ದೂರೋರ್ಗೆ ಮಾತ್ರ ಯಾರೂ ಯೋಳ್ಬ್ಯಾಡಿ."

ಸ್ವಾತಂತ್ರ್ಯ ಬಂದ ವರ್ಷ ನನ್ನ ಮದುವೆಯಾಯಿತು. ನನ್ನ ಕಡೆಯ ನೆಂಟರಾಗಿ ಅಕ್ಕಿ ಹೊತ್ತು ತಂದವರಲ್ಲಿ ಕಲಾಯಿ ಸಾಬರೂ ಇದ್ದರು. ಗಾಡಿ ಹೊರಡುವಾಗ ಎಲ್ಲರೂ ಅಳುತ್ತಿದ್ದರು, ಅಜ್ಜಿ ಒಬ್ಬಳನ್ನು ಬಿಟ್ಟು. ಅವಳು ನಮ್ಮ ಯಜಮಾನರ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು.

"ನೋಡಪ್ಪ, ಕರೆಂಟಂಗೆ ದೂರ ಕರ್ಕೊಂಡ್ ಓದ್ರೂ ಓಗು. ಆದ್ರೆ ನಮ್ಮ ಅಮ್ಮಿ ಕಣ್ಣಾಗೆ ನೀರು ತರ್ಸಿದ್ದು ಗೊತ್ತಾಯ್ತೋ, ಆ ಮುಳ್ಳು ಕಿತ್ತು ಪೂರಿಗಾಲಿ ದಾರೀಲಿ ಬಂದ್ಬುಡ್ತೀನಿ. ನಿಂತ ಜಾಗದಾಗೇ ಅಣ್ಣ ಆಗೋಯ್ತೀಯ!"

ಯಜಮಾನರು ಅದನ್ನು ಮರೆಯಲೇ ಇಲ್ಲ. ಈ ನಾಗಪುರದಲ್ಲಿ, ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ, ಏನಾದರೂ ಮಾತಿಗೆ ಮಾತು ಬೆಳೆದು ನಾನು ಮುಖ ತಿರುಗಿಸಿ ಬಾಗಿಲ ಕಡೆ ನೋಡಿದರೆ ಸಾಕು. "ಯಾಕೆ, ಪೂರಿಗಾಲಿ ಕಡೆಯಿಂದ ಯಾರಾದ್ರೂ ಬಂದ್ರಾ?" ಎಂದು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ಒಳಗೆ ಹೋಗಿ ತಾವೇ ಕಾಫಿಗೆ ಇಡುತ್ತಿದ್ದರು.