ಹನ್ನೊಂದು ವರ್ಷ ಆರದ ಕಂಪ್ಯೂಟರ್ ಮತ್ತು ನನ್ನ ಹಿತ್ತಾಳೆ ಫಲಕ

ಭೂಮಂಡಲವನ್ನು ಉಳಿಸುವ ಕೆಲಸವನ್ನು ಯಾರಾದರೊಬ್ಬರು ಕೈಗೆತ್ತಿಕೊಳ್ಳಲೇಬೇಕಿತ್ತು. ಜನವರಿ ಮೂರನೇ ತಾರೀಕು ಬೆಳಿಗ್ಗೆ, ಎರಡನೇ ಲೋಟ ಕಾಫಿಯ ಹೊತ್ತಿಗೆ, ನಾನೇ ಎತ್ತಿಕೊಂಡೆ!

ಸುಳ್ಳೇಕೆ ಹೇಳಲಿ, ಭೂಮಂಡಲದ ಹಿಂದೆ ಒಂದು ಹಿತ್ತಾಳೆ ಫಲಕವೂ ಇತ್ತು. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಮ್ಮ ಬೀವರ್ ಬ್ಲಫ್ ಊರಿನಲ್ಲಿ ಟ್ರೋಫಿ, ಫಲಕಗಳ ಮೇಲೆ ಹೆಸರು ಕೆತ್ತುವ ಅಂಗಡಿ ನನ್ನದೊಂದೇ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟ ಗೆದ್ದವರು, ದೊಡ್ಡ ಮೀನು ಹಿಡಿದವರು, ಕುಂಬಳಕಾಯಿ ಬೆಳೆದವರು, ಎಲ್ಲರ ಹೆಸರನ್ನೂ ಇಪ್ಪತ್ತಾರು ವರ್ಷಗಳಿಂದ ಕೆತ್ತುತ್ತಿದ್ದೇನೆ. ಒಬ್ಬ ಮಹಾಶಯ ತಪ್ಪದೆ ಹಾಜರಿ ಹಾಕಿದ್ದಕ್ಕೇ ಕಪ್ ಹೊತ್ತುಕೊಂಡು ಹೋದ! ಓರೆಸ್ಟ್ ಹ್ರಿಂಚುಕ್ ಎಂಬ ನನ್ನ ಹೆಸರನ್ನು ಮಾತ್ರ ಇದುವರೆಗೆ ಯಾವ ಲೋಹವೂ ಕಂಡಿಲ್ಲ. ನಗಬೇಡಿ, ಇದು ಒಳಗೊಳಗೇ ಕೊರೆಯುವ ಸಂಗತಿ.

ಈ ಸಲ ವ್ಯಾಪಾರಿಗಳ ಸಂಘ 'ಮಿತ ಬಳಕೆಯ ಅಂಗಡಿ' ಎಂಬ ಹೊಸ ಬಹುಮಾನ ಘೋಷಿಸಿತು. ಡಿಸೆಂಬರಿಗಿಂತ ಜನವರಿಯಲ್ಲಿ ಯಾರ ಅಂಗಡಿಯ ಕರೆಂಟ್ ಹೆಚ್ಚು ಉಳಿಯುತ್ತದೋ ಅವರಿಗೆ ಫಲಕ. ಅದರ ಆರ್ಡರ್ ಎಂದಿನಂತೆ ನನಗೇ ಬಂತು, ಹೆಸರಿನ ಜಾಗ ಖಾಲಿ ಬಿಟ್ಟು.

ಮೊದಲು ಕಾಗದದ ಮೇಲೆ ಯುದ್ಧ ಸಾರಿದೆ. 'ಎಲ್ಲಕ್ಕೂ ಎರಡು ಮುಖ ಇದೆ. ಎರಡನ್ನೂ ಬಳಸಿ!' ಎಂದು ಘೋಷಣೆ ಬರೆದು ಹದಿನಾರು ಪ್ರತಿ ಮುದ್ರಿಸಿ ಅಂಗಡಿ ತುಂಬ ಅಂಟಿಸಿದೆ.

ನನ್ನ ಹೆಂಡತಿ ಮಾರುಸ್ಯಾ ಒಂದನ್ನು ಕಿತ್ತು ತಿರುಗಿಸಿ ನೋಡಿದಳು. "ರೀ, ಇದರ ಹಿಂದೆ ಖಾಲಿ ಇದೆಯಲ್ರೀ?"

"ಘೋಷಣೆಗೆ ವಿನಾಯಿತಿ ಇರುತ್ತೆ ಕಣೇ."

ಶನಿವಾರ ಸಂಜೆ ಐದಕ್ಕೆ ಬ್ರಹ್ಮಾಸ್ತ್ರ ಹೊರತೆಗೆದೆ. ಅಂಗಡಿಯ ಹದಿನಾಲ್ಕು ಪ್ಲಗ್‌ಗಳನ್ನೂ ಒಂದೇ ಕೆಂಪು ಸ್ವಿಚ್ಚಿಗೆ ಜೋಡಿಸಿದ್ದೆ. ಕೆತ್ತುವ ಯಂತ್ರವನ್ನು ಓಡಿಸುವ ಹಳೆಯ ಕಂಪ್ಯೂಟರ್ ಕೂಡ ಅದರಲ್ಲಿತ್ತು. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೋ ಇಲ್ಲವೋ ಎಂಬ ಭಯದಿಂದ ಹನ್ನೊಂದು ವರ್ಷ ಅದನ್ನು ಆರಿಸಿರಲೇ ಇಲ್ಲ. ಮೂಲೆಯ ಗೂಡಿನಲ್ಲಿ ಕೂತು, ಮುಪ್ಪಿನ ಮಾವನವರಂತೆ ಸದಾ ಗೊರಗೊರ ಎನ್ನುತ್ತಿತ್ತು.

ಹೇಗೂ ಚಾಲೂ ಇದೆಯಲ್ಲ, ಆ ಕರೆಂಟ್ ಯಾಕೆ ವ್ಯರ್ಥವಾಗಬೇಕು ಎಂದು ಫಲಕದ ಖಾಲಿ ಜಾಗದಲ್ಲಿ ನನ್ನ ಹೆಸರನ್ನು ಆಗಲೇ ಕೆತ್ತಿಬಿಟ್ಟೆ. ಅಕ್ಷರಗಳು ಸ್ವಲ್ಪ ದೊಡ್ಡವೇ ಬಂದವು.

"ಹುಟ್ಟೋ ಮೊದಲೇ ಕುಲಾವಿ ಹೊಲಿದ ಹಾಗಾಯ್ತು," ಎಂದಳು ಮಾರುಸ್ಯಾ.

"ನೋಡ್ತಿರು!" ಎಂದು ಕೆಂಪು ಸ್ವಿಚ್ ಒತ್ತಿದೆ. ಗೊರಗೊರ ನಿಂತಿತು. ಆಹಾ, ಎಂಥ ಮೌನ! ಭೂಮಿತಾಯಿ ನಿಟ್ಟುಸಿರು ಬಿಟ್ಟದ್ದು ನನಗೇ ಕೇಳಿಸಿತು. ಅಂಗಡಿಯ ಮೇಲೇ ಇರುವ ಮನೆಗೆ ಹೋಗಿ ಹಾಯಾಗಿ ಮಲಗಿದೆ.

ಭಾನುವಾರ ಚರ್ಚಿನಲ್ಲಿ ಊಟ. ಮಾರುಸ್ಯಾ ಮುನ್ನೂರು ಪೆರೋಗಿ ಕಡುಬು ಮಾಡಿದ್ದಳು. ಹೊರಗೆ ಮೈನಸ್ ಮೂವತ್ತೈದು ಡಿಗ್ರಿ. ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಕಾರು ಮುದುಕ ಕೆಮ್ಮಿದಂತೆ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಎಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡಲು ನಮ್ಮ ಕಡೆ ರಾತ್ರಿಯಿಡೀ ಕಾರಿಗೂ ಪ್ಲಗ್ ಹಾಕಿಡುತ್ತೇವೆ. ಆ ವೈರು ಅಂಗಡಿಯ ಕಿಟಕಿಯಿಂದಲೇ ಬರುತ್ತದೆ. ಹದಿನಾಲ್ಕನೆಯ ಪ್ಲಗ್ ಯಾವುದೆಂದು ನನಗೆ ಆಗ ನೆನಪಾಯಿತು.

"ಈ ಊರಲ್ಲಿ ಕಂಠಪೂರ್ತಿ ಕುಡಿದವನೂ ಮುಟ್ಟದ ಒಂದೇ ಪ್ಲಗ್ ಕಣ್ರೀ ಅದು!"

"ನಡೆದು ಹೋಗೋಣ. ಅದೂ ಶಕ್ತಿಯ ಉಳಿತಾಯಾನೇ."

"ಯಾರ ಶಕ್ತಿ?"

ನನ್ನದೇ ಎಂದು ಬೇಗ ಗೊತ್ತಾಯಿತು. ಮುನ್ನೂರು ಕಡುಬನ್ನು ಹಿಮದ ಮೇಲೆ ಎಳೆಯುವ ಮಕ್ಕಳ ಜಾರುಬಂಡಿಯಲ್ಲಿಟ್ಟು ಊರಿನುದ್ದಕ್ಕೂ ಎಳೆದೆ. ದಾರಿಯುದ್ದಕ್ಕೂ ಜನ ಕಿಟಕಿಯ ಪರದೆ ಸರಿಸಿ ದರ್ಶನ ಪಡೆದರು. ಕಡುಬುಗಳು ಚರ್ಚು ಸೇರುವಷ್ಟರಲ್ಲಿ ಗೋಲಿಗುಂಡುಗಳಾಗಿದ್ದವು.

ಸೋಮವಾರ ಅಂಗಡಿಯ ನಲ್ಲಿ ತಿರುಗಿಸಿದರೆ ನೀರಿಲ್ಲ. ಕಂಪ್ಯೂಟರಿನ ಗೂಡಿನ ಹಿಂದೆ, ಪಕ್ಕದ ಕ್ಷೌರದಂಗಡಿಗೂ ನಮಗೂ ನಡುವಿನ ಗೋಡೆಯೊಳಗೆ ಕೊಳಾಯಿ ಹಾದುಹೋಗುತ್ತದೆ. ಅದು ಹೆಪ್ಪುಗಟ್ಟಿತ್ತು.

"ಗ್ಲೆಂಡಾನ ಕರೀರಿ," ಎಂದಳು ಮಾರುಸ್ಯಾ. ಗ್ಲೆಂಡಾ ನಮ್ಮೂರಿನ ಪ್ಲಂಬರ್.

"ಇಷ್ಟಕ್ಕೆಲ್ಲ ಪ್ಲಂಬರ್ ಯಾಕೆ? ನಾನಿದ್ದೀನಲ್ಲ!"

"ಅದೇ ಭಯ."

ಪಕ್ಕದ ಕ್ಷೌರಿಕ ವೆಂಡೆಲ್ ಬಂಗಾರದಂಥ ಮನುಷ್ಯ. ಕೇಳಿದ ತಕ್ಷಣ ತನ್ನ ಎರಡು ಹೇರ್ ಡ್ರೈಯರ್ ತಂದುಕೊಟ್ಟ. "ತಗೋ ಮಾರಾಯ. ಕೊಳಾಯಿಗೆ ಕ್ರಾಪು ಬೇಕಿದ್ರೂ ಹೇಳು," ಎಂದು ನಕ್ಕು, ಗಿರಾಕಿಯ ಅರ್ಧ ಬೋಳಿಸಿದ ಗಡ್ಡದ ಕಡೆ ಓಡಿದ.

ಕಂಪ್ಯೂಟರನ್ನು ಗೂಡಿನಿಂದ ಈಚೆಗಿಟ್ಟು, ಎರಡೂ ಕೈಯಲ್ಲಿ ಡ್ರೈಯರ್ ಹಿಡಿದು ಗೋಡೆಯ ಮುಂದೆ ಯೋಧನಂತೆ ಕೂತೆ. ಒಂದು ಗಂಟೆಯ ತಪಸ್ಸಿನ ನಂತರ ಗೋಡೆಯೊಳಗೆ ಗಂಗಾವತರಣದ ಸದ್ದು! "ಬಂತು! ಬಂತು!" ಎಂದು ಕುಣಿದೆ.

"ಬಂತು! ಬಂತು!" ಎಂದು ವೆಂಡೆಲ್ ಕೂಡ ಕೂಗಿದ. ಅವನ ದನಿಯಲ್ಲಿ ಮಾತ್ರ ಸಂತೋಷ ಇರಲಿಲ್ಲ.

ಕೊಳಾಯಿ ಹೆಪ್ಪುಗಟ್ಟಿದಾಗಲೇ ಒಡೆದಿತ್ತು. ಒಡೆದದ್ದು ಅವನ ಕಡೆಗೆ! ನಮ್ಮಲ್ಲಿ ಒಂದು ಹನಿ ಇಲ್ಲ. ಅವನಲ್ಲಿ ಕುರ್ಚಿಯ ಮೇಲೆ ಕಾಲೆತ್ತಿ ಕೂತ ಗಿರಾಕಿ, ನೆಲದಲ್ಲಿ ತೇಲುವ ಕೂದಲು. ನಾಚಿಕೆಯಿಂದ ನನ್ನ ಮುಖ ಆ ಚಳಿಯಲ್ಲೂ ಸುಟ್ಟಿತು.

ಗ್ಲೆಂಡಾ ಬಂದು ನೀರು ನಿಲ್ಲಿಸಿ, ಗೂಡಿನೊಳಗೆ ಇಣುಕಿದಳು.

"ಇಲ್ಲೇನಿತ್ತು, ಹೀಟರಾ?"

"ಇಲ್ಲಮ್ಮ, ಕಂಪ್ಯೂಟರ್. ಹನ್ನೊಂದು ವರ್ಷದಿಂದ ದಂಡಕ್ಕೆ ಉರೀತಿತ್ತು, ಮೊನ್ನೆ ಆರಿಸಿದೆ."

"ದಂಡಕ್ಕಾ? ನಿಮ್ಮ ಕೊಳಾಯಿನ ಹನ್ನೊಂದು ವರ್ಷ ಕಾಪಾಡಿದ್ದೇ ಅದರ ಬಿಸಿ, ಓರೆಸ್ಟಣ್ಣ. ಗೋಡೆ ಒಣಗೋ ತನಕ ಮೂರು ಹೀಟರ್ ಇಡಿ. ಹಗಲೂ ರಾತ್ರಿ."

ಇಟ್ಟೆವು. ಮೂರು ವಾರ! ನಮ್ಮ ಕಡೆಯಿಂದ, ನಮ್ಮ ಕರೆಂಟಿನಲ್ಲಿ, ಯಾಕೆಂದರೆ ತಪ್ಪು ನಮ್ಮದು. ಮೀಟರು ಹುಚ್ಚುಕುದುರೆಯಂತೆ ಓಡಿತು. ಕಂಪ್ಯೂಟರನ್ನು ಗೂಡಿಗೆ ವಾಪಸ್ ಇಟ್ಟು ಹತ್ತಿಸಿ ಕೈಮುಗಿದೆ. ಪುಣ್ಯಕ್ಕೆ ಗೊರಗೊರ ಎಂದಿತು. ಪಾಪ, ವೆಂಡೆಲ್ ಉಳಿದ ಜನವರಿಯಿಡೀ ಬಾಗಿಲು ಹಾಕಿ, ಕರ್ಲಿಂಗ್ ಕ್ಲಬ್ಬಿನ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಊರವರ ತಲೆಗೂದಲು ಕತ್ತರಿಸಿದ.

ಫೆಬ್ರವರಿ ಮೊದಲ ವಾರ ಸಂಘದಿಂದ ಫೋನ್ ಬಂತು. "ಓರೆಸ್ಟ್, ಬಹುಮಾನ ಗೆದ್ದವನ ಹೆಸರು ಬರ್ಕೋ. ವೆಂಡೆಲ್ ಫ್ರೀಸೆನ್! ಅವನ ಮೀಟರ್ ಹೆಚ್ಚುಕಮ್ಮಿ ಅಲ್ಲಾಡೇ ಇಲ್ಲ ನೋಡು, ಏನು ಶಿಸ್ತು! ನೀನು ಕಡೆಯಿಂದ ಮೊದಲನೆಯವನು. ಮತ್ತೆ, ಫಲಕ ರೆಡಿ ಇದೆಯಲ್ಲ?"

ರೆಡಿ ಇತ್ತು. ಸ್ವಲ್ಪ ಹೆಚ್ಚೇ ರೆಡಿ ಇತ್ತು.

"ಹೊಸ ಹಿತ್ತಾಳೆ ತರಿಸ್ತೀನಿ," ಎಂದು ಗೊಣಗಿದೆ.

ಮಾರುಸ್ಯಾ ಗೋಡೆಯ ಘೋಷಣೆಯ ಕಡೆ ಬೆರಳು ತೋರಿಸಿದಳು. ಆಮೇಲೆ ಫಲಕವನ್ನು ಮಗುಚಿ ಯಂತ್ರದ ಮೇಲಿಟ್ಟಳು. ಹಿಂಬದಿ ನುಣ್ಣಗೆ ಹೊಳೆಯುತ್ತಿತ್ತು. ಬಹುಮಾನದ ಹೆಸರನ್ನೂ ವೆಂಡೆಲನ ಹೆಸರನ್ನೂ ಅಚ್ಚುಕಟ್ಟಾಗಿ ಕೆತ್ತಿದೆ. ಮನುಷ್ಯ ಯೋಗ್ಯ, ಹೊಟ್ಟೆಕಿಚ್ಚು ಪಡಲೂ ಬಿಡುವುದಿಲ್ಲ!

ಮೊನ್ನೆ ಕ್ಷೌರಕ್ಕೆ ಹೋದೆ, ಮಾರುಸ್ಯಾ ಜೊತೆಗಿದ್ದಳು. ವೆಂಡೆಲ್ ಫಲಕವನ್ನು ರಿಪೇರಿಯಾದ ನಡುಗೋಡೆಗೆ ನಾಲ್ಕು ಸ್ಕ್ರೂ ಬಿಗಿದು ಕೂರಿಸಿದ್ದ. ಅದರ ಆಚೆಗೇ ಕೊಳಾಯಿ, ಕೊಳಾಯಿಯ ಆಚೆ ನನ್ನ ಕಂಪ್ಯೂಟರ್. ಕಿವಿಗೊಟ್ಟರೆ ಗೊರಗೊರ ಕೇಳುತ್ತಿತ್ತು. ನಾನು ನೋಡುತ್ತಾ ಕೂತಿದ್ದನ್ನು ಕಂಡು ಅವಳು ಕಿವಿಯ ಹತ್ತಿರ ಬಗ್ಗಿದಳು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಹೆಸರು ನಮ್ಮ ಅಂಗಡಿ ಕಡೆಗೇ ಮುಖ ಮಾಡಿದೆ. ಮಧ್ಯೆ ಒಂದು ಗೋಡೆ ಇದೆ, ಅಷ್ಟೆ."