ಅಜ್ಜಿಯ ಕೋವಿಗೆ ಎರಡು ತಿರುಪು

ಕೋವಿ ರಿಪೇರಿ ಅಂಗಡಿ ಅಂದ್ರೆ ಗಂಭೀರವಾದ ಜಾಗ, ಅಲ್ಲಿ ಎಲ್ಲರೂ ತಗ್ಗಿದ ದನಿಯಲ್ಲಿ ಮಾತಾಡ್ತಾರೆ ಅಂತ ನೀವು ಅಂದುಕೊಂಡಿದ್ರೆ, ತಿಪಟೂರಿನ ನನ್ನ ಅಂಗಡಿಯ ಬೆಂಚಿನ ಮೇಲೆ ಒಂದು ದಿನ ಕೂತು ನೋಡಿ. ಒಂದಲ್ಲ ಒಂದು ಆಗ್ತಾನೇ ಇರುತ್ತೆ. ಆಮೇಲೆ ಜನ ಅದನ್ನ ಹೇಳಿಕೊಂಡು ನಗ್ತಾರೆ. ನನಗೆ ಮಾತ್ರ ಈಗಲೂ ಮೈ ಉರಿಯುತ್ತೆ. ಇದನ್ನ ಬರೆಯುವಾಗಲೂ ಪೆನ್ನು ಒತ್ತಿ ಒತ್ತಿ ಹಾಳೆ ಎರಡು ಕಡೆ ಹರಿದಿದೆ.

ರಿಪೇರಿ ಲೈಸೆನ್ಸು ನಮ್ಮಪ್ಪನ ಕಾಲದ್ದು. ನನ್ನ ಹತ್ತಿರ ಬರೋದೆಲ್ಲ ಕೇಪಿನ ಕೋವಿ. ಅಂದ್ರೆ ನಳಿಗೆಯ ಬಾಯಿಂದ ಮದ್ದು ತುಂಬಿ, ಗಜದ ಕೋಲಲ್ಲಿ ಜಡಿದು, ಹಿಂದುಗಡೆ ಕಿಡಿ ಕೊಡೋ ಪುಟ್ಟ ಕೇಪು ಇಟ್ಟು ಹೊಡೆಯೋ ಹಳೇ ಮಾದರಿಯದು. ತೋಟಕ್ಕೆ ಹಂದಿ, ಕೋತಿ ಬೀಳ್ತಾವೆ ಅಂತ ಬೆಳೆ ಕಾಯೋಕೆ ಲೈಸೆನ್ಸು ತಗೊಂಡ ಮನೆಗಳಲ್ಲಿ ಇವು ಇನ್ನೂ ಇವೆ. ಇವಕ್ಕೆ ಇರೋದು ತಲೆ ಮೇಲೆ ಒಂದೇ ಗೀರಿನ ತಿರುಪು. ಈಗ ಎಲ್ಲಿ ನೋಡಿದ್ರೂ ಎರಡು ಗೀರು ಅಡ್ಡಡ್ಡ ಹಾಯೋ ಸ್ಟಾರ್ ತಿರುಪು. ನನ್ನ ರಕ್ತದೊತ್ತಡಕ್ಕೆ ಡಾಕ್ಟರು ಏನೇನೋ ಕಾರಣ ಹೇಳ್ತಾರೆ. ನನಗೆ ಗೊತ್ತು, ಕಾರಣ ಆ ಸ್ಟಾರೇ.

೧. ಹಂದಿ ನೋಡ್ತದಾ?

ಒಂದು ಬೆಳಿಗ್ಗೆ ಮಾಯಸಂದ್ರದ ಕಡೆಯ ರೈತರೊಬ್ಬರು ಕೋವಿ ತಂದರು. ಬಟ್ಟೆ ಬಿಚ್ಚಿ ನೋಡ್ತೀನಿ, ನೂರು ವರ್ಷದ ಕೋವಿಯ ಮರಕ್ಕೆ ಫಳಫಳ ಅನ್ನೋ ಸ್ಟಾರ್ ತಿರುಪು! ಟಿ.ವಿ. ಸ್ಟ್ಯಾಂಡಿಂದ ಬಿಚ್ಚಿ ಹಾಕಿದ್ದಂತೆ. ಅಳತೆ ಸಾಲದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಮರ ಉದ್ದಕ್ಕೂ ಸೀಳಿತ್ತು.

ನಾನು ಶುರು ಹಚ್ಚಿಕೊಂಡೆ. "ಅದೇನು ಕೈಯಾ ಏನ್ರೀ? ನಿಮ್ಮ ತಾತ ಜೋಪಾನ ಮಾಡಿ ಇಟ್ಟಿದ್ದನ್ನ ಹಿಂಗೆ ಕೊಲೆ ಮಾಡೋಕೆ ಮನಸ್ಸಾದ್ರೂ ಹೆಂಗೆ ಬಂತು? ಟಿ.ವಿ. ಸ್ಟ್ಯಾಂಡಿಗೆ ಇವತ್ತು ಏನು ಹಾಕಿದೀರಿ, ಕೋವಿ ತಿರುಪಾ?" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದೆ. ಎದುರಿನ ಕೊಬ್ಬರಿ ಮಂಡಿಯ ಗುಮಾಸ್ತರು ಹೊರಗೆ ಬಂದು ನಿಂತರು.

ಆ ಮನುಷ್ಯ ಎಲ್ಲಾ ತಣ್ಣಗೆ ಕೇಳಿಸಿಕೊಂಡು, ನನ್ನ ಉಸಿರು ಮುಗಿದ ಮೇಲೆ ಕೇಳಿದರು: "ಅಲ್ಲ ಕಣಣ್ಣ, ಹಂದಿ ಏನು ಹತ್ರ ಬಂದು ತಿರುಪು ನೋಡ್ತದಾ?"

ಮಂಡಿಯವರು ನಕ್ಕರು. ನಾನು ನಗಲಿಲ್ಲ.

೨. ಹುರಿ ಕಟ್ಟಿದ ಕೋವಿ

ಇಷ್ಟೂ ಹೊತ್ತು ಬೆಂಚಿನ ಮೇಲೆ ಒಬ್ಬ ಅಜ್ಜಿ ಎಲೆಅಡಿಕೆ ಅಗಿಯುತ್ತಾ ಕೂತಿದ್ದರು. ಶೆಟ್ಟಿಕೆರೆಯಿಂದ ಬಸ್ಸಲ್ಲಿ ಬಂದವರು. ಕೋವಿಯನ್ನ ಹಳೇ ಸೀರೆಯಲ್ಲಿ ಸುತ್ತಿ, ಮಗು ಮಲಗಿಸಿದ ಹಾಗೆ ತೊಡೆ ಮೇಲೆ ಇಟ್ಟುಕೊಂಡಿದ್ದರು. ಕಂಡಕ್ಟರು ಅದಕ್ಕೂ ಲಗೇಜ್ ಟಿಕೆಟ್ ಕೇಳಿದನಂತೆ. "ಬಿಚ್ಚಿ ತೋರಿಸ್ಲೇನಪ್ಪಾ?" ಅಂದೆ, ಮುಂದಕ್ಕೆ ಹೋದ ಅಂದರು.

ಅಜ್ಜಿಯ ಯಜಮಾನರು ಹೋದ ವರ್ಷ ತೀರಿಕೊಂಡಿದ್ದರು. ಲೈಸೆನ್ಸು ಈಗ ಅಜ್ಜಿ ಹೆಸರಿಗೆ ಆಗಬೇಕು. ಮೂರು ವಾರ ಬಿಟ್ಟು ಬರೋ ಸೋಮವಾರ ಠಾಣೆಯಲ್ಲಿ ಕೋವಿ ತೋರಿಸಬೇಕು. ಕೆಲಸ ಮಾಡೋ ಸ್ಥಿತಿಯಲ್ಲಿ ಇರಬೇಕು, ಹೊಸ ಭಾಗ ಸೇರಿಸಿ ಬದಲಾಯಿಸಿರಬಾರದು. ಇಲ್ಲದಿದ್ರೆ ಲೈಸೆನ್ಸು ರದ್ದು.

"ಹೊಸದಾಗಿ ತೆಂಗಿನ ಸಸಿ ಇಕ್ಕಿದೀನಿ ಕಣಪ್ಪ" ಅಂದರು ಅಜ್ಜಿ. "ಹಂದಿ ಬಂದು ಬುಡ ಅಗೆದು ನೆಟ್ಟ ಕಾಯೇ ತಿಂದು ಹೋಗ್ತವೆ. ಒಂದು ಢಂ ಅಂದ್ರೆ ವಾರ ಈ ಕಡೆ ತಲೆ ಹಾಕಲ್ಲ. ಕೋವಿ ಹೋದ್ರೆ ತೋಟನೂ ಹೋಯ್ತು ಅಂತ್ಲೇ ತಿಳ್ಕೋ."

ಸೀರೆ ಬಿಚ್ಚಿದೆ. ಕೇಪಿಗೆ ಬಡಿಯೋ ಕುದುರೆ ಇರುತ್ತಲ್ಲ, ಅದನ್ನ ಹೊತ್ತ ಕಬ್ಬಿಣದ ತಟ್ಟೆಯನ್ನ ಮರಕ್ಕೆ ಹಿಡಿದಿಡೋದು ಎರಡು ತಿರುಪು. ಎರಡೂ ಇರಲಿಲ್ಲ. ತಟ್ಟೆಯನ್ನ ತೆಂಗಿನ ನಾರಿನ ಹುರಿ ಸುತ್ತಿ ಕಟ್ಟಿದ್ದರು. ಆ ಎರಡಿಲ್ಲದೆ ಕೋವಿ ಬರೀ ದೊಣ್ಣೆ.

ಮತ್ತೆ ನೆತ್ತಿಗೇರಿತು. "ಯಾವನೋ ಬಿಚ್ಚಿ ಬಿಸಾಕಿದಾನೆ! ಈ ಜನಕ್ಕೆ ಬುದ್ಧಿ ಬರಲ್ಲ! ನೀವೇನೂ ಹೇಳಬೇಡಿ ಅಜ್ಜಿ. ಭೂಮಿ ಮೇಲೆ ಎಲ್ಲಿದ್ರೂ ಹುಡುಕಿ ತರ್ತೀನಿ. ಸೋಮವಾರ ಠಾಣೆ ಮುಂದೆ ನಿಮ್ಮ ಕೈಗೆ ಕೊಡದಿದ್ರೆ ಅಂಗಡಿ ಮುಚ್ಚಿಬಿಡ್ತೀನಿ."

ಅಜ್ಜಿ ನನ್ನ ಮುಖವನ್ನೇ ನೋಡಿ, "ಹೂಂ ಕಣಪ್ಪ. ಮೊದ್ಲು ಒಂದ್ ಲೋಟ ನೀರು ಕುಡಿ" ಅಂದರು.

೩. ಒಂದು ಗೀರು ಹೆಚ್ಚಿಗೆ

ತಿಪಟೂರಿನಲ್ಲಿ ಇರೋ ಬರೋ ಹಾರ್ಡ್‌ವೇರ್ ಅಂಗಡಿಗೆಲ್ಲ ಹೋದೆ. ಒಂದೇ ಗೀರಿನ ತಿರುಪು ಅಂದ್ರೆ ಒಬ್ಬ ಮಿಕಿಮಿಕಿ ನೋಡಿದ. ಇನ್ನೊಬ್ಬ "ಅದೆಲ್ಲ ನಿಂತೋಯ್ತು" ಅಂದ, ಯಾವುದೋ ಬಸ್ಸಿನ ವಿಚಾರ ಹೇಳೋ ಹಾಗೆ. ಕೊನೆಗೆ ದೊಡ್ಡ ಅಂಗಡಿಯ ಮಾಲೀಕರೇ ಎದ್ದು ಬಂದರು. ವಿದ್ಯಾವಂತರು, ಅರ್ಥ ಮಾಡ್ಕೊಳ್ತಾರೆ ಅಂತ ಕಾಲು ಗಂಟೆ ವಿವರಿಸಿದೆ. ಹಳೇ ಇಂಚಿನ ಅಳತೆ, ಗುಂಡು ತಲೆ, ಮಧ್ಯೆ ನೆಟ್ಟಗೆ ಒಂದು ಗೀರು.

ಅವರು ತಲೆಯಾಡಿಸಿ ಒಳಗಿಂದ ಒಂದು ಡಬ್ಬಿ ತಂದರು. ತೆಗೆದರೆ ಸ್ಟಾರು.

"ರೀ, ಇದರಲ್ಲಿ ಎರಡು ಗೀರಿದೆ. ನನಗೆ ಬೇಕಾಗಿರೋದು ಒಂದು!"

"ಗೊತ್ತಾಯ್ತು ಸಾರ್" ಅಂದರು ಬಹಳ ಸಮಾಧಾನವಾಗಿ. "ನೀವು ಒಂದೇ ಬಳಸಿ. ಇನ್ನೊಂದನ್ನ ಹಂಗೇ ಬುಟ್ಬುಡಿ."

ನಾನು ಡಬ್ಬಿಯನ್ನ ಕೌಂಟರಿನ ಮೇಲೆ ಕುಕ್ಕಿದ ರಭಸಕ್ಕೆ ಮುಚ್ಚಳ ಹಾರಿಹೋಯ್ತು. ಚೆಲ್ಲಿದ ಸ್ಟಾರ್ ತಿರುಪುಗಳನ್ನ ನೆಲದಿಂದ ಆರಿಸಿ ಕೊಟ್ಟವನೂ ನಾನೇ.

೪. ಪುಣ್ಯಾತ್ಮನ ಸಹಾಯ

ಮೂರನೇ ವಾರ ತುರುವೇಕೆರೆಗೆ ಹೋದೆ. ಅಲ್ಲಿ ಗುಜರಿ ಅಂಗಡಿಯಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೊಬ್ಬರಿ ಮೂಟೆಯಷ್ಟು ಹಳೇ ಕಬ್ಬಿಣ ಕೆದಕಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಸಿಕ್ಕವು! ಎರಡೇ ಎರಡು. ಅದೇ ಉದ್ದ, ಅದೇ ದಪ್ಪ, ತಲೆ ಮೇಲೆ ಒಂದೇ ಗೀರು. ತುಕ್ಕು ಹಿಡಿದಿದ್ದವು, ಅಷ್ಟೇ. ಸುಳ್ಳು ಯಾಕೆ ಹೇಳ್ಲಿ, ಕಣ್ಣಲ್ಲಿ ನೀರು ಬಂತು.

ಪಕ್ಕದಲ್ಲೇ ವೆಲ್ಡಿಂಗ್ ಶಾಪು. "ತುಕ್ಕು ತೆಗೆದು ಕೊಡಪ್ಪ, ಟೀ ಕುಡಿದು ಬರ್ತೀನಿ" ಅಂತ ಅವನ ಕೈಗೆ ಕೊಟ್ಟೆ. ಮೂವತ್ತರ ಆಸುಪಾಸಿನ ಆಸಾಮಿ, ಕೆಲಸದಲ್ಲಿ ಚುರುಕು. ಟೀ ಕುಡಿದು ಬಂದೆ. ಎರಡೂ ತಿರುಪು ಕನ್ನಡಿಯ ಹಾಗೆ ಹೊಳೀತಿದ್ದವು. ತಿರುಗಿಸಿ ನೋಡಿದೆ. ಗೀರು ಇಲ್ಲ! ತಲೆ ನುಣ್ಣಗೆ ಬೋಳು.

"ಗೀರು ಎಲ್ಲೋ?" ಅಂದೆ.

"ಎರಡೂ ತಲೆ ಮೇಲೆ ಸೀಳು ಬುಟ್ಟಿದ್ವು ಸಾರ್" ಅಂದ ಹೆಮ್ಮೆಯಿಂದ. "ವೆಲ್ಡ್ ಮಾಡಿ ತುಂಬಿಸಿ, ಗ್ರೈಂಡರ್ ಹೊಡೆದಿದೀನಿ. ಇನ್ನು ಜನ್ಮದಲ್ಲಿ ಸೀಳಲ್ಲ."

ಹುಟ್ಟಿದಾಗಿನಿಂದ ಸ್ಟಾರು ಬಿಟ್ಟು ಬೇರೆ ಕಂಡವನಲ್ಲ. ಶಾಖಕ್ಕೆ ಥ್ರೆಡ್ಡೂ ಕೆಟ್ಟು ಕೂತಿತ್ತು. ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕೈ ಒರೆಸಿಕೊಂಡು ಅಂದ: "ಇಷ್ಟ್ಯಾಕೆ ಬೇಜಾರು ಸಾರ್? ಇದಕ್ಕೆ ನಾನೇನೂ ಕಾಸು ಕೇಳಲ್ಲ ಬುಡಿ."

೫. ಅಡುಗೆಮನೆ ವರ್ಕ್‌ಶಾಪು

ಉಳಿದದ್ದು ನಾಲ್ಕು ದಿನ. ಅಜ್ಜಿಗೆ ಮಾತು ಕೊಟ್ಟಿದ್ದೆ, ಅವರ ತೋಟದ ಸಸಿ ನನ್ನ ಮಾತಿನ ಮೇಲೆ ನಿಂತಿತ್ತು. ಇನ್ನು ಹುಡುಕಿ ಪ್ರಯೋಜನ ಇಲ್ಲ, ಹಳೇದರ ಪಡಿಯಚ್ಚು ಮಾಡೋದೇ ಸರಿ ಅಂತ ಚಿಕ್ಕನಾಯಕನಹಳ್ಳಿಯ ಲೇತ್ ಅಂಗಡಿಗೆ ಹೋಗಿ, ಎರಡು ತುಂಡು ಕಬ್ಬಿಣದ ಸಲಾಕೆಗೆ ಹಳೇ ಇಂಚಿನ ಥ್ರೆಡ್ ಹಾಕಿಸಿಕೊಂಡು ಬಂದೆ. ತಲೆಯನ್ನ ಅರದಲ್ಲಿ ಉಜ್ಜಿ ಗುಂಡಗೆ ಮಾಡಿದೆ. ಗರಗಸದಲ್ಲಿ ಗೀರನ್ನ ನಾನೇ ಕೊಯ್ದೆ, ಇನ್ನೊಬ್ಬರ ಕೈಗೆ ಕೊಡ್ತೀನಾ?

ಇನ್ನು ಹಳೇ ಕಬ್ಬಿಣದ ಕಪ್ಪು ಬಣ್ಣ ಬರಬೇಕು. ಅದಕ್ಕೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಮನೆ ಗ್ಯಾಸ್ ಒಲೆಯ ಮೇಲೆ ಕಾಯಿಸಿ, ಬಾಣಲೆಯಲ್ಲಿದ್ದ ಕೊಬ್ಬರಿ ಎಣ್ಣೆಗೆ ಚೊಂಯ್ ಅಂತ ಬಿಟ್ಟೆ. ಮೂರು ಸಲ ಹೀಗೆ ಮಾಡಿದ ಮೇಲೆ ಬಣ್ಣ ಹಿಡೀತು. ಮನೆ ತುಂಬ ಹೊಗೆ.

ಹೆಂಡತಿ ಸೆರಗಲ್ಲಿ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೈದ್ರೆ ನಾನೂ ಬೈಯೋಣ ಅಂತ ಸಿದ್ಧವಾಗೇ ಇದ್ದೆ. ಅವಳು ಬೈಯಲಿಲ್ಲ.

"ತಿರುಪು ಕರಿದಾಯ್ತಾ?" ಅಂದಳು. "ಆಗಿದ್ರೆ ಅದೇ ಎಣ್ಣೇಲಿ ನಾಲ್ಕು ಹಪ್ಪಳ ಹಾಕ್ತೀನಿ, ಜೊತೆಗೆ ನೆಂಚ್ಕೊಳ್ಳಿ."

೬. ಸೋಮವಾರ

ಸೋಮವಾರ ಅಜ್ಜಿಗಿಂತ ಮೊದಲೇ ಠಾಣೆಯ ಜಗಲಿ ಮೇಲೆ ಇದ್ದೆ. ಅಜ್ಜಿ ಬಸ್ಸಿಳಿದು ಬಂದರು. ನಾನು ಎದ್ದು ನಿಂತು ಕೋವಿ ಕೊಟ್ಟೆ. ಅವರು ತಟ್ಟೆಯ ಮೇಲೆ ಬೆರಳಾಡಿಸಿದರು, ತಿರುಪನ್ನ ಉಗುರಲ್ಲಿ ಕೆರೆದು ನೋಡಿದರು.

"ಥೇಟ್ ನಮ್ಮವು ಇದ್ದಂಗೇ ಅವೆ ಕಣಪ್ಪ" ಅಂದರು. "ಒಂಚೂರೂ ಎತ್ವಾಸ ಇಲ್ಲ. ಬೇಕಾದ್ರೆ ನೋಡು."

ಹಾಗೆಂದು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿ ಪಕ್ಕದಿಂದ ಎರಡು ತಿರುಪು ತೆಗೆದು ಜಗಲಿಯ ಮೇಲೆ ಇಟ್ಟರು. ಅವೇ. ಮೂಲದವು. ಗುಂಡು ತಲೆ, ಒಂದೇ ಗೀರು.

"ಅಜ್ಜೀ! ಇವು ನಿಮ್ಮ ಹತ್ರಾನೇ ಇದ್ವಾ?"

"ಮದುವೆಯಾಗಿ ಬಂದಾಗಿಂದ ನನ್ತಾವೇ ಅವೆ ಕಣಪ್ಪ. ನಮ್ಮನೆಯೋರಿಗೆ ಮೂಗಿನ ತುದೀಲೇ ಸಿಟ್ಟು. ಬೇಲಿ ವಿಷಯಕ್ಕೆ ದಾಯಾದಿಗಳ ಮೇಲೆ ಎಗರಾಡೋರು. ಅಂಥೋರಿರೋ ಮನೇಲಿ ಕೋವಿ ಪೂರ್ತಿ ಇರ್ಬಾರ್ದು ಅಂತ ನಮ್ಮತ್ತೆ ಇವೆರಡನ್ನ ಬಿಚ್ಚಿ ನನ್ ಕೈಗೆ ಕೊಟ್ರು. ಹಂದಿ ಬಂದ್ರೆ ಕೇಳಿ ಇಸ್ಕೊಳ್ಳೋರು. ಹೊಡೆದಾದ್ಮೇಲೆ ವಾಪಸ್ ಕೊಡೋರು. ಕೊನೇವರ್ಗೂ ಒಂದ್ ತಲೆ ಒಡೀಲಿಲ್ಲ."

"ಸರಿ, ನಿಮ್ಮ ಯಜಮಾನರ ಕಥೆ ಆಯ್ತು! ನನಗ್ಯಾಕೆ ಕೊಡಲಿಲ್ಲ? ಮೂರು ವಾರ ಊರೂರು ಅಲೆದೆನಲ್ಲಾ! ಆವತ್ತೇ ಒಂದು ಮಾತು ಹೇಳಬಾರದಿತ್ತಾ?"

"ನನಗೆ ಹಾಕೋಕೆ ಬರಲ್ಲ ಅಂತ್ಲೇ ನಿನ್ತಾವ ಬಂದು, ಕೊಡಣ ಅಂತ ಚೀಲಕ್ಕೆ ಕೈ ಹಾಕಿದ್ದೆ. ನೀನು ಆ ಮಾಯಸಂದ್ರದೋನ ಮೇಲೆ ಕೂಗಾಡ್ತಿದ್ದಲ್ಲ, ಅದ ನೋಡಿ ಕೈ ಹಿಂದಕ್ಕೆ ತಗೊಂಡೆ. ಅಷ್ಟು ಸಿಟ್ಟಿರೋನ ಕೈಗೆ ಪೂರ್ತಿ ಕೋವಿ ಯಾರು ಕೊಡ್ತಾರಪ್ಪ? ಇವತ್ತು ತಂದು ಇಲ್ಲೇ ಹಾಕ್ಸೋಣ ಅಂತಿದ್ದೆ."

ನಾನು ಬಾಯಿ ತೆಗೆದೆ. ಠಾಣೆಯ ಅಂಗಳ, ಸುತ್ತ ಪೊಲೀಸಿನವರು. ಬಾಯಿ ಮುಚ್ಚಿದೆ. ಒಳಗೆ ಕರೆದರು. ಅಧಿಕಾರಿಗಳು ಕುದುರೆ ಎಳೆದು ನೋಡಿದರು, ತಿರುಪು ನೋಡಿದರು, "ಹಳೇ ಕಾಲದ ಕೆಲಸ ಅಂದ್ರೆ ಹಿಂಗಿರಬೇಕು" ಅಂತ ಮೆಚ್ಚಿ ಸಹಿ ಹಾಕಿದರು. ಮೆಚ್ಚಿದ್ದು, ನಾನು ಹಪ್ಪಳದ ಎಣ್ಣೆಯಲ್ಲಿ ಕರಿದ ತಿರುಪನ್ನ!

ಕೋವಿ ಉಳೀತು, ತೋಟ ಉಳೀತು, ನನ್ನ ಮಾತೂ ಉಳೀತು. ಹೊರಗೆ ಬಂದು ಅಜ್ಜಿ ಮತ್ತೆ ಜಗಲಿ ಮೇಲೆ ಕೂತರು. ಇನ್ನಾದರೂ ಒಂದು ಒಳ್ಳೇ ಮಾತು ಬರುತ್ತೆ ಅಂತ ಮುಖ ಗಂಟು ಹಾಕಿಕೊಂಡೇ ಕಾದೆ.

ಅಜ್ಜಿ ನನ್ನನ್ನ ಮೇಲಿಂದ ಕೆಳಗೆ ನೋಡಿ ಚೀಲದ ಬಾಯಿ ಅಗಲಿಸಿ ಹಿಡಿದರು.

"ಆ ತಿರುಪೆರಡೂ ಬಿಚ್ಚಿ ಇದ್ರೊಳಕ್ಕೆ ಹಾಕಪ್ಪ" ಅಂದರು. "ಬಸ್ಸಿನ ತಂಕ ಕೋವಿ ನೀನೇ ಹೊತ್ಕೊಂಡು ಬರ್ಬೇಕು. ನಿನ್ ಮುಖ ನೋಡಿದ್ರೆ ಇವತ್ತು ಸಿಟ್ಟು ಇನ್ನೂ ಜಾಸ್ತಿ ಐತೆ."